ರಿಪೋರ್ಟ್ ಎಲ್ಲ ನಾರ್ಮಲ್, ಆದರೂ ಮೈ ಹುಷಾರಿಲ್ಲ: ಮುಂದೇನು ಮಾಡಬೇಕು?

"ಇಸಿಜಿ ತೆಗೆಸಿದೆ, ಎಂಡೋಸ್ಕೋಪಿ ಆಯ್ತು, ಥೈರಾಯ್ಡ್ ನೋಡಿಸಿದೆ. ಎಲ್ಲ ನಾರ್ಮಲ್ ಅಂತಾರೆ. ಆದರೆ ಎದೆ ಡವಡವ ನಿಂತಿಲ್ಲ, ಹೊಟ್ಟೆ ಸರಿ ಇಲ್ಲ, ನಿದ್ದೆ ಬರೋದಿಲ್ಲ. ಡಾಕ್ಟರ್ 'ಟೆನ್ಷನ್ ಮಾಡ್ಕೋಬೇಡಿ' ಅಂತ ಹೇಳಿ ಕಳಿಸಿದರು. ಈಗ ಏನು ಮಾಡಲಿ?"

ಓದುಗರು ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. "ಟೆನ್ಷನ್ ಮಾಡ್ಕೋಬೇಡಿ" ಅನ್ನುವುದು ಚಿಕಿತ್ಸೆ ಅಲ್ಲ. ರಿಪೋರ್ಟ್ ನಾರ್ಮಲ್ ಬಂತು ಅಂದರೆ ನಿಮಗೆ ಏನೂ ಆಗಿಲ್ಲ ಅಂತಲೂ ಅಲ್ಲ. ಆ ಅಂಗ ಕೆಟ್ಟಿಲ್ಲ ಅಂತ, ಅಷ್ಟೇ. ನೋವು, ಸುಸ್ತು, ಡವಡವ ಎಲ್ಲ ನಿಜವಾದವೇ. ಒತ್ತಡ, ಆತಂಕ, ಖಿನ್ನತೆಯಿಂದಲೂ ಇವು ಬರಬಹುದು. ಅವು ಎಲ್ಲಿಂದ ಬರುತ್ತವೆ, ಯಾರ ಹತ್ತಿರ ಹೋಗಬೇಕು, ಹೋದಮೇಲೆ ಏನಾಗುತ್ತದೆ ಅನ್ನುವುದನ್ನು ಹಂತ ಹಂತವಾಗಿ ನೋಡೋಣ.

ಅದಕ್ಕೂ ಮೊದಲು ಒಂದು ಮಾತು. ಸಾಯಬೇಕು ಅನ್ನಿಸುತ್ತಿದ್ದರೆ ಉಳಿದದ್ದನ್ನು ಆಮೇಲೆ ಓದಿ. ಈಗಲೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರಲ್ಲಿ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ಒಬ್ಬರೇ ಇರಬೇಡಿ. ಮನೆಯವರು ಇದನ್ನು ಓದುತ್ತಿದ್ದರೆ, ಕ್ರಿಮಿನಾಶಕದ ಡಬ್ಬಿ ಮತ್ತು ಮಾತ್ರೆಗಳ ಪೊಟ್ಟಣಗಳನ್ನು ಅವರ ಕೈಗೆ ಸಿಗದಂತೆ ಇಂದೇ ಎತ್ತಿಡಿ.

ಮೈಯೊಳಗೆ ಆಗುವುದೇನು?

ಅಪಾಯ ಅಂತ ಮಿದುಳಿಗೆ ಅನ್ನಿಸಿದ ಕೂಡಲೇ ಕಿಡ್ನಿಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೆ ಸುದ್ದಿ ಹೋಗುತ್ತದೆ. ಮೊದಲು ಅಡ್ರಿನಲಿನ್ ಬಿಡುಗಡೆಯಾಗುತ್ತದೆ. ಇದು ಸೆಕೆಂಡುಗಳ ಕೆಲಸ. ಎದೆಬಡಿತ ಏರುತ್ತದೆ, ಬಿಪಿ ಏರುತ್ತದೆ, ಉಸಿರು ಜೋರಾಗುತ್ತದೆ, ಅಂಗೈ ಬೆವರುತ್ತದೆ. ಅದರ ಹಿಂದೆಯೇ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಬರುತ್ತದೆ. ಹಾರ್ಮೋನ್ ಅಂದರೆ ರಕ್ತದಲ್ಲಿ ಹರಿದು ಬೇರೆ ಬೇರೆ ಅಂಗಗಳಿಗೆ ಆದೇಶ ಕೊಡುವ ರಾಸಾಯನಿಕ. ಕಾರ್ಟಿಸಾಲ್ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಓಡಲು, ಹೊಡೆದಾಡಲು ಶಕ್ತಿ ಬೇಕಲ್ಲ!

ನಾಯಿ ಅಟ್ಟಿಸಿಕೊಂಡು ಬಂದಾಗ ಇದೆಲ್ಲ ಸರಿ. ಐದು ನಿಮಿಷದ ಮಾತು. ಆದರೆ ಸಾಲದ ಕಂತು, ಅತ್ತೆಮನೆಯ ಜಗಳ, ಮಗನ ಪಿಯುಸಿ, ಆಫೀಸಿನ ಟಾರ್ಗೆಟ್ ಐದು ನಿಮಿಷಕ್ಕೆ ಮುಗಿಯುವುದಿಲ್ಲ. ಆಟೋ ಸ್ಟಾರ್ಟರ್ ಹಾಕಿಟ್ಟ ಪಂಪ್‌ಸೆಟ್ ಕರೆಂಟ್ ಬಂದಾಗಲೆಲ್ಲ ತಾನಾಗೇ ಓಡುತ್ತದಲ್ಲ, ಹಾಗೆ ದೇಹವೂ ಸಣ್ಣ ಸದ್ದಿಗೂ ಓಡಲು ಶುರು ಮಾಡುತ್ತದೆ. ಕಾರ್ಟಿಸಾಲ್ ಸಾಮಾನ್ಯವಾಗಿ ಬೆಳಗಿನ ಜಾವ ಏರಿ ರಾತ್ರಿ ಇಳಿಯಬೇಕು. ಒತ್ತಡ ತಿಂಗಳುಗಟ್ಟಲೆ ಮುಂದುವರಿದರೆ ಈ ಲೆಕ್ಕ ತಪ್ಪುತ್ತದೆ.

ಆಗ ಏನೇನು ಕಾಣುತ್ತದೆ? ಕತ್ತು, ಭುಜ, ದವಡೆಯ ಸ್ನಾಯುಗಳು ಬಿಗಿದೇ ಇರುವುದರಿಂದ ತಲೆಗೆ ಪಟ್ಟಿ ಕಟ್ಟಿದಂತಹ ನೋವು. ಕರುಳಿಗೂ ಮಿದುಳಿಗೂ ನೇರ ನರ ಸಂಪರ್ಕ ಇರುವುದರಿಂದ ಹೊಟ್ಟೆ ಉಬ್ಬರ, ಹೊರಗೆ ಹೊರಡುವ ಹೊತ್ತಿಗೆ ಸರಿಯಾಗಿ ಟಾಯ್ಲೆಟ್‌ಗೆ ಹೋಗಬೇಕು ಅನ್ನಿಸುವುದು. ಮುಟ್ಟು ಹಿಂದುಮುಂದಾಗುವುದು. ಶುಗರ್ ಇರುವವರಿಗೆ ಊಟ, ಮಾತ್ರೆ ಸರಿಯಿದ್ದರೂ ಶುಗರ್ ಏರುವುದು. ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು.

ಇನ್ನೊಂದು, ಬಹಳ ಜನರನ್ನು ಹೆದರಿಸುವಂಥದ್ದು: ಬೆರಳ ತುದಿ, ತುಟಿಯ ಸುತ್ತ ಜುಮುಜುಮು. ಪಾರ್ಶ್ವವಾಯು ಅಂತ ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಾರೆ. ಗಾಬರಿಯಲ್ಲಿ ಉಸಿರು ಜೋರಾದಾಗ ಕಾರ್ಬನ್ ಡೈ ಆಕ್ಸೈಡ್ ಅಗತ್ಯಕ್ಕಿಂತ ಜಾಸ್ತಿ ಹೊರಹೋಗುತ್ತದೆ, ಅದರಿಂದ ಎರಡೂ ಕೈಗಳಲ್ಲಿ ಜೋಮು ಬರುತ್ತದೆ, ತಲೆ ಹಗುರಾಗುತ್ತದೆ. ಉಸಿರು ನಿಧಾನವಾದರೆ ಇದೂ ಹೋಗುತ್ತದೆ. ಆದರೆ ಒಂದೇ ಬದಿಯ ಕೈಕಾಲು ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಬೇರೆಯೇ ವಿಷಯ. ಆಗ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

1936ರಲ್ಲಿ ಹ್ಯಾನ್ಸ್ ಸೆಲ್ಯೆ ಅನ್ನುವ ವಿಜ್ಞಾನಿ ಇಲಿಗಳಿಗೆ ಚಳಿ, ಗಾಯ, ವಿಪರೀತ ದಣಿವು ಹೀಗೆ ಬೇರೆ ಬೇರೆ ಕಾಟ ಕೊಟ್ಟು ನೋಡಿದರು. ಕಾಟ ಯಾವುದಾದರೂ ದೇಹದಲ್ಲಿ ಆಗುವ ಬದಲಾವಣೆ ಒಂದೇ ಬಗೆಯದಾಗಿತ್ತು: ಅಡ್ರಿನಲ್ ಊದಿತ್ತು, ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಅಲ್ಲಿಂದಾಚೆ ಹೊಟ್ಟೆಹುಣ್ಣನ್ನೆಲ್ಲ ಟೆನ್ಷನ್ ತಲೆಗೆ ಕಟ್ಟುವ ರೂಢಿ ಬೆಳೆಯಿತು. ಆದರೆ ಮನುಷ್ಯರ ಅಲ್ಸರ್‌ಗೆ ಹೆಚ್ಚಾಗಿ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು ಅಂತ ಆಮೇಲೆ ಗೊತ್ತಾಯಿತು. ಎಲ್ಲವೂ ಟೆನ್ಷನ್ ಅಂತ ನಾವೇ ತೀರ್ಮಾನ ಮಾಡುವುದೂ ತಪ್ಪೇ. ಅದಕ್ಕೇ ಮೊದಲ ಹಂತ ಇದು.

ಹಂತ 1: ಮೈ ಕಾಯಿಲೆ ಅಲ್ಲ ಅಂತ ಒಂದು ಸಲ ಖಾತ್ರಿ ಮಾಡಿಕೊಳ್ಳಿ

ಒಂದು ಸಲ. ಹತ್ತು ಸಲ ಅಲ್ಲ.

ನಿಮ್ಮ ಮಾಮೂಲಿ ಡಾಕ್ಟರ್ ಹತ್ತಿರವೇ ಹೋಗಿ. ಬಿಪಿ, ಶುಗರ್, ಹಿಮೋಗ್ಲೋಬಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ಎದೆಯ ತೊಂದರೆ ಇದ್ದರೆ ಇಸಿಜಿ. ಬರೀ ಸಸ್ಯಾಹಾರ ತಿನ್ನುವವರು ಬಿ12 ಕೂಡ ನೋಡಿಸಬೇಕಾ ಅಂತ ಕೇಳಿ. ರಕ್ತಹೀನತೆ, ಥೈರಾಯ್ಡ್ ಏರುಪೇರು, ಬಿ12 ಕೊರತೆ ಇವೆಲ್ಲ ಥೇಟ್ ಆತಂಕ ಅಥವಾ ಖಿನ್ನತೆಯ ಹಾಗೇ ಕಾಣಬಲ್ಲವು. ಅವು ಸಿಕ್ಕರೆ ಅವಕ್ಕೇ ಮದ್ದು.

ಎಚ್ಚರಿಕೆ: ಎದೆನೋವು ಎಡಗೈಗೋ ದವಡೆಗೋ ಹರಡುತ್ತಿದ್ದರೆ, ಮೆಟ್ಟಿಲು ಹತ್ತುವಾಗ ಬಂದು ಕೂತಾಗ ಹೋಗುತ್ತಿದ್ದರೆ, ತಣ್ಣನೆ ಬೆವರು ಬಂದರೆ "ಗ್ಯಾಸ್ಟ್ರಿಕ್ ಇರಬೇಕು" ಅಂತ ಈನೋ ಕುಡಿದು ಮಲಗಬೇಡಿ. ಶುಗರ್ ಇರುವವರಲ್ಲಿ ಮತ್ತು ಹೆಂಗಸರಲ್ಲಿ ಹೃದಯಾಘಾತ ಬರೀ ಸುಸ್ತು, ವಾಕರಿಕೆಯ ರೂಪದಲ್ಲೂ ಬರಬಹುದು. ಸಂಶಯ ಇದ್ದರೆ ಇಸಿಜಿ ಮೊದಲು.

ಇದೆಲ್ಲ ಆದಮೇಲೂ ಊರೂರು ತಿರುಗುವುದು ಬೇಡ. ಕೆಲವರ ಮನೆಯಲ್ಲಿ ಬಟ್ಟೆಯಂಗಡಿಯ ದಪ್ಪ ಕವರ್ ತುಂಬ ರಿಪೋರ್ಟ್ ಇರುತ್ತದೆ. ಮೂರು ಆಸ್ಪತ್ರೆಯ ಮೂರು ಇಸಿಜಿ, ಎರಡು ಎಂಡೋಸ್ಕೋಪಿ, ಕತ್ತಿನ ಎಂಆರ್‌ಐ, ಮಸುಕಾಗಿ ಓದಲಾಗದ ಮೆಡಿಕಲ್ ಶಾಪ್ ಬಿಲ್. ಪ್ರತಿ ನಾರ್ಮಲ್ ರಿಪೋರ್ಟ್ ಎರಡು ದಿನ ಸಮಾಧಾನ ಕೊಡುತ್ತದೆ, ಮೂರನೇ ದಿನ "ಅವರು ಸರಿಯಾಗಿ ನೋಡಿರಲಿಕ್ಕಿಲ್ಲ" ಅನ್ನಿಸುತ್ತದೆ. ಹೀಗೆ ಅನ್ನಿಸುವುದೇ ಆತಂಕದ ಒಂದು ಲಕ್ಷಣ. "ತಾಕತ್ತಿಗೆ" ಅಂತ ಡ್ರಿಪ್ ಹಾಕಿಸಿಕೊಳ್ಳುವುದರಿಂದಲೂ ಏನೂ ಸಿಗುವುದಿಲ್ಲ, ಬಿಲ್ ಬಿಟ್ಟು.

ಹಂತ 2: ಎರಡು ವಾರ ಬರೆದಿಡಿ

ಹಳೇ ನೋಟ್‌ಬುಕ್ ಸಾಕು. ದಿನಕ್ಕೆ ಎರಡು ಸಾಲು. ಉದಾಹರಣೆಗೆ:

"ಬುಧವಾರ. ರಾತ್ರಿ 3ಕ್ಕೆ ಎಚ್ಚರ, ಎದೆ ಡವಡವ, ಅರ್ಧ ಗಂಟೆ. ಸಂಜೆ ಮೂರನೇ ಕಾಫಿ ಕುಡಿದಿದ್ದೆ. ನಾಳೆ ಸೊಸೈಟಿ ಸಾಲದ ಕಂತು."

ಏನಾಯಿತು, ಎಷ್ಟು ಹೊತ್ತು, ಅದಕ್ಕೆ ಮೊದಲು ಏನು ನಡೆದಿತ್ತು. ಅಷ್ಟೇ. ನಿದ್ದೆ ಎಷ್ಟು ಗಂಟೆ, ಊಟ ಸೇರಿತಾ ಅಂತಲೂ ಬರೆಯಿರಿ. ಡಾಕ್ಟರ್ ಮುಂದೆ ಕೂತಾಗ ಅರ್ಧ ಮರೆತುಹೋಗುತ್ತದೆ, ಆಗ ಈ ಪುಟಗಳು ಕೆಲಸಕ್ಕೆ ಬರುತ್ತವೆ.

ಎರಡು ವಾರ ಅಂತ ಹೇಳಲು ಕಾರಣ ಇದೆ. ಬೇಸರ ಯಾರಿಗೂ ಬರುತ್ತದೆ. ಆದರೆ ದಿನದ ಹೆಚ್ಚು ಹೊತ್ತು ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು, ಶಕ್ತಿ, ಗಮನ ಕೆಡುವುದು ಹೆಚ್ಚುಕಡಿಮೆ ದಿನಾ ಎರಡು ವಾರ ಇದ್ದರೆ ಅದನ್ನು ವೈದ್ಯರು ಖಿನ್ನತೆ ಎಂಬ ಕಾಯಿಲೆಯಾಗಿ ಪರಿಗಣಿಸುತ್ತಾರೆ. ಏಕಾಏಕಿ ವಿಪರೀತ ಗಾಬರಿ ಏರಿ, ಸತ್ತೇಹೋಗುತ್ತೇನೆ ಅನ್ನಿಸಿ, ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿದರೆ ಅದು ಪ್ಯಾನಿಕ್ ಅಟ್ಯಾಕ್. ಕೆಲಸ ಮಾಡಲಾಗದಷ್ಟು ತೊಂದರೆ ಇದ್ದರೆ ಎರಡು ವಾರ ಕಾಯುವುದೂ ಬೇಡ, ನೇರ ಮುಂದಿನ ಹಂತಕ್ಕೆ ಹೋಗಿ.

ಹಂತ 3: ಯಾರ ಹತ್ತಿರ ಹೋಗಬೇಕು?

ಗೊಂದಲ ಜಾಸ್ತಿ ಇರುವುದು ಇಲ್ಲೇ. "ನರ ವೀಕ್ ಆಗಿದೆ" ಅಂತ ನ್ಯೂರಾಲಜಿಸ್ಟ್ ಹುಡುಕಿಕೊಂಡು ಹೋಗುವವರು ಬಹಳ. ನ್ಯೂರಾಲಜಿಸ್ಟ್ ನೋಡುವುದು ಮೂರ್ಛೆ, ಪಾರ್ಶ್ವವಾಯು, ನರದ ಕಾಯಿಲೆ.

ಸೈಕಿಯಾಟ್ರಿಸ್ಟ್ ಅಂದರೆ ಮನೋವೈದ್ಯರು. ಎಂಬಿಬಿಎಸ್ ಮುಗಿಸಿ ಅದರ ಮೇಲೆ ಮನೋವೈದ್ಯಶಾಸ್ತ್ರ ಓದಿದವರು. ಮಾತ್ರೆ ಬರೆಯಬಲ್ಲವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಇವರಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐ ನೋಂದಣಿ ಇರಬೇಕು. ಕೇಳಿ, ಸಂಕೋಚ ಬೇಡ. ಕೌನ್ಸೆಲರ್, ಅಂದರೆ ಆಪ್ತಸಮಾಲೋಚಕರು, ಮನೆಯ ಸಮಸ್ಯೆ, ಓದು, ಕೆಲಸದ ಒತ್ತಡದ ಬಗ್ಗೆ ಮಾತಾಡಿ ದಾರಿ ತೋರಿಸುವವರು. ಒಳ್ಳೆಯವರು ತುಂಬಾ ಇದ್ದಾರೆ. ಎರಡು ದಿನದ ಕೋರ್ಸ್ ಮುಗಿಸಿ ಬೋರ್ಡ್ ಹಾಕಿದವರೂ ಇದ್ದಾರೆ. "ಮೂರು ಸೆಷನ್‌ನಲ್ಲಿ ಗ್ಯಾರಂಟಿ ಗುಣ" ಅಂದವರ ಹತ್ತಿರ ಹೋಗಬೇಡಿ.

ಯಾರನ್ನು ಮೊದಲು ನೋಡಬೇಕು ಅಂತ ತಿಳಿಯದಿದ್ದರೆ ಮನೋವೈದ್ಯರನ್ನೇ ನೋಡಿ. ಮಾತ್ರೆ ಬೇಕಾ ಬೇಡವಾ ಅಂತ ಅವರು ಹೇಳುತ್ತಾರೆ. ಮನೋವೈದ್ಯರನ್ನು ನೋಡಿದವರೆಲ್ಲ ಮಾತ್ರೆ ತಗೊಂಡೇ ಬರುವುದಿಲ್ಲ.

ಹಂತ 4: ಎಲ್ಲಿಗೆ ಹೋಗಬೇಕು?

ಇದಕ್ಕೆ ಬೆಂಗಳೂರಿಗೇ ಬರಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ, ಮಾತ್ರೆಗಳೂ ಉಚಿತವಾಗಿ ಸಿಗುತ್ತವೆ. ಅಂದಹಾಗೆ, ಇಡೀ ದೇಶದಲ್ಲಿ ಈಗ ನಡೆಯುತ್ತಿರುವ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿ ತೋರಿಸಿದ್ದನ್ನು 1996ರಲ್ಲಿ ಕೇಂದ್ರ ಸರ್ಕಾರ ಬೇರೆ ಜಿಲ್ಲೆಗಳಿಗೂ ತಂದಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಸುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ತಿಂಗಳಲ್ಲಿ ಯಾವ ಮಂಗಳವಾರ ಬರುತ್ತಾರೆ ಅಂತ ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯರಲ್ಲೋ ಮೊದಲೇ ಕೇಳಿಕೊಂಡು ಹೋಗಿ. ಸುಮ್ನೆ ಬಸ್ ಚಾರ್ಜ್ ದಂಡ ಆಗಬಾರದು.

ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಯಾರ ಚೀಟಿಯೂ ಇಲ್ಲದೆ ನೇರ ಹೋಗಬಹುದು, ಆದರೆ ಜನ ಜಾಸ್ತಿ. ಬೆಳಿಗ್ಗೆ ಬೇಗ ಹೋಗಿ, ಮೊದಲ ದಿನ ಪೂರ್ತಿ ಅಲ್ಲೇ ಕಳೆಯುತ್ತದೆ ಅಂತ ತಿಳಿದು ಬುತ್ತಿ ಕಟ್ಟಿಕೊಂಡು ಹೋಗಿ. ಆಸ್ಪತ್ರೆಯ ಗೇಟು ಅಂದರೇ ಹಿಂಜರಿಯುವವರಿಗೆ ನಿಮ್ಹಾನ್ಸ್‌ನದೇ ಒಂದು ಕೇಂದ್ರ ಬಿಟಿಎಂ ಲೇಔಟ್‌ನಲ್ಲಿದೆ, ಸೆಂಟರ್ ಫಾರ್ ವೆಲ್ ಬೀಯಿಂಗ್ ಅಂತ. ಅಲ್ಲಿ ಆಸ್ಪತ್ರೆಯ ವಾತಾವರಣ ಇಲ್ಲ.

ಎಲ್ಲಿಗೂ ಹೋಗಲಾಗದಿದ್ದರೆ ಮತ್ತೆ ಅದೇ 14416. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ. ಬೇಕಾದರೆ ತಜ್ಞರಿಗೆ ಕನೆಕ್ಟ್ ಮಾಡುತ್ತಾರೆ, ಹತ್ತಿರದ ಆಸ್ಪತ್ರೆ ಯಾವುದು ಅಂತಲೂ ಹೇಳುತ್ತಾರೆ. ಇದು ಸಾಯುವ ಯೋಚನೆ ಬಂದವರಿಗೆ ಮಾತ್ರ ಅಂದುಕೊಳ್ಳಬೇಡಿ. ನಿದ್ದೆ ಬರುತ್ತಿಲ್ಲ ಅಂತಲೂ ಫೋನ್ ಮಾಡಬಹುದು.

ದೇವಸ್ಥಾನ, ದರ್ಗಾ, ಹರಕೆ? ಮನಸ್ಸಿಗೆ ಸಮಾಧಾನ ಸಿಗುವುದಾದರೆ ಹೋಗಿ ಬನ್ನಿ. ಹೊಡೆಯುವ, ಕಟ್ಟಿಹಾಕುವ, ಊಟ ಬಿಡಿಸುವ ಕಡೆ ಮಾತ್ರ ಬೇಡ. ನಡೆಯುತ್ತಿರುವ ಮಾತ್ರೆ ನಿಲ್ಲಿಸಿ ಅಂದರೂ ಒಪ್ಪಬೇಡಿ.

ಹಂತ 5: ಮೊದಲ ಭೇಟಿ

ತಗೊಂಡು ಹೋಗಬೇಕಾದ್ದು: ನೋಟ್‌ಬುಕ್, ಮುಖ್ಯವಾದ ರಿಪೋರ್ಟ್‌ಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್. ಆಯುರ್ವೇದ, ಹೋಮಿಯೋಪತಿಯದ್ದೂ ಸೇರಿ. ನಿಮ್ಮನ್ನು ಹತ್ತಿರದಿಂದ ಬಲ್ಲ ಒಬ್ಬರು ಜೊತೆಗಿದ್ದರೆ ಒಳ್ಳೆಯದು. ಆದರೆ ಸ್ವಲ್ಪ ಹೊತ್ತು ಒಬ್ಬರೇ ಮಾತಾಡಬೇಕು ಅಂತ ನೀವು ಕೇಳಬಹುದು.

ನಿದ್ದೆ, ಊಟ, ಕೆಲಸ, ಕುಡಿತ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ, ಸಾಯುವ ಯೋಚನೆ ಬಂದಿತ್ತಾ ಅಂತೆಲ್ಲ ಕೇಳುತ್ತಾರೆ. ಕೊನೆಯ ಪ್ರಶ್ನೆ ಎಲ್ಲರಿಗೂ ಕೇಳುತ್ತಾರೆ, ಗಾಬರಿ ಬೇಡ. ಕುಡಿತದ ವಿಷಯ ಮುಚ್ಚಿಡಬೇಡಿ, ಮಾತ್ರೆ ಆರಿಸುವಾಗ ಅದು ಲೆಕ್ಕಕ್ಕೆ ಬರುತ್ತದೆ. ಅಸ್ತಮಾ ಇದ್ದರೆ ಹೇಳಲೇಬೇಕು. ಎದೆ ಡವಡವಕ್ಕೆ ಕೊಡುವ ಪ್ರೊಪ್ರನೊಲಾಲ್ ಅಸ್ತಮಾ ಇರುವವರಿಗೆ ಅಪಾಯ. ಬಸುರಿಯಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಅದನ್ನೂ ಹೇಳಿ.

"ಊರಿಗೆಲ್ಲ ಗೊತ್ತಾಗುತ್ತಾ?" 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ಕಾಯಿಲೆಯ ವಿವರ ಗುಟ್ಟಾಗಿ ಉಳಿಯಬೇಕು. ಕಾನೂನು ಹೇಳಿದ ಕೆಲವು ಸಂದರ್ಭ ಬಿಟ್ಟರೆ ಆಫೀಸಿಗೋ ನೆಂಟರಿಗೋ ಆಸ್ಪತ್ರೆ ಅದನ್ನು ಹೇಳುವಂತಿಲ್ಲ.

ಹಂತ 6: ಮಾತ್ರೆ ಕೊಟ್ಟರೆ

ಈ ಹಂತವನ್ನು ನಿಧಾನವಾಗಿ ಓದಿ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಇಲ್ಲೇ.

ಖಿನ್ನತೆ, ಆತಂಕ ಎರಡಕ್ಕೂ ಸಾಮಾನ್ಯವಾಗಿ ಮೊದಲು ಕೊಡುವುದು ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಮಾತ್ರೆ. ಎಸಿಟಲೊಪ್ರಾಮ್, ಸರ್ಟ್ರಲಿನ್, ಫ್ಲುಒಕ್ಸೆಟಿನ್ ಈ ಗುಂಪಿನವು. ಮಿದುಳಿನ ಸಿರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಇವು ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ.

ಪೇಚು ಏನೆಂದರೆ ಅಡ್ಡಪರಿಣಾಮ ಮೊದಲ ವಾರವೇ ಬರುತ್ತದೆ. ವಾಕರಿಕೆ, ಬೇಧಿ, ತಲೆನೋವು, ಕೆಲವರಿಗೆ ಚಡಪಡಿಕೆ. "ಇದ್ದದ್ದೂ ಕೆಟ್ಟಿತು" ಅಂತ ಐದನೇ ದಿನ ಮಾತ್ರೆ ಕಸದ ಬುಟ್ಟಿ ಸೇರುತ್ತದೆ. ಇವು ಹೆಚ್ಚಿನವರಲ್ಲಿ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತವೆ. ತಡೆಯಲಾಗದಿದ್ದರೆ ಡಾಕ್ಟರ್‌ಗೆ ಹೇಳಿ, ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು. ಲೈಂಗಿಕ ಆಸಕ್ತಿ ಕುಗ್ಗುವುದೂ ಇದೆ. ನಾಚಿಕೆಯಿಂದ ಇದನ್ನು ಹೇಳದೆ ಮಾತ್ರೆ ಬಿಡುವವರು ಎಷ್ಟೋ ಜನ. ಅದಕ್ಕೂ ಬೇರೆ ದಾರಿ ಇದೆ, ಹೇಳಿ. ಹದಿಹರೆಯದವರಲ್ಲಿ, 25 ದಾಟದವರಲ್ಲಿ ಮೊದಲ ಕೆಲವು ವಾರ ಸಾಯುವ ಯೋಚನೆ ಹೆಚ್ಚಾಗುತ್ತಿದೆಯಾ ಅಂತ ಮನೆಯವರು ಗಮನಿಸಲೇಬೇಕು.

"ಚಟ ಆಗಿಬಿಟ್ಟರೆ?" ಎಸ್‌ಎಸ್‌ಆರ್‌ಐ ಮಾತ್ರೆಗಳು ಚಟ ಹಿಡಿಸುವುದಿಲ್ಲ. ದಿಢೀರ್ ನಿಲ್ಲಿಸಿದರೆ ಮಾತ್ರ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತೆ ಆಗುವುದು, ಕಿರಿಕಿರಿ ಬರಬಹುದು. ಅದಕ್ಕೇ ಡಾಕ್ಟರ್ ನಿಧಾನವಾಗಿ ಇಳಿಸುತ್ತಾರೆ.

ಚಟದ ಭಯ ನಿಜವಾಗಿ ಇರಬೇಕಾದ್ದು ಬೇರೆ ಮಾತ್ರೆಗಳ ಬಗ್ಗೆ: ಆಲ್ಪ್ರಜೋಲಾಮ್, ಕ್ಲೊನಾಜೆಪಾಮ್, ಲೋರಾಜೆಪಾಮ್. ಜನ "ನಿದ್ದೆ ಮಾತ್ರೆ" ಅನ್ನುವುದು ಇವನ್ನೇ. ನುಂಗಿದ ರಾತ್ರಿಯೇ ಹಾಯಾಗುತ್ತದೆ, ಅದೇ ತೊಂದರೆ. ಡಾಕ್ಟರ್ ಕೆಲವೇ ವಾರಕ್ಕೆ ಬರೆದದ್ದನ್ನು ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತಗೊಳ್ಳುವವರಿದ್ದಾರೆ. ಪಕ್ಕದ ಮನೆಯವರಿಗೆ ಒಂದು ಕೊಡುವವರೂ ಇದ್ದಾರೆ. ಮಾಡಬೇಡಿ. ಇವುಗಳ ಜೊತೆ ಕುಡಿದರೆ ಉಸಿರೇ ನಿಲ್ಲುವ ಅಪಾಯ ಇದೆ. ಈಗಾಗಲೇ ಬಹಳ ದಿನದಿಂದ ತಗೊಳ್ಳುತ್ತಿದ್ದರೆ ನೀವೇ ನಿಲ್ಲಿಸಲೂ ಹೋಗಬೇಡಿ, ಫಿಟ್ಸ್ ಬರಬಹುದು.

ಕೊನೆಗೆ, ಹುಷಾರಾದ ಮೇಲಿನ ತಪ್ಪು. ಎರಡನೇ ತಿಂಗಳಿಗೆ ಚೆನ್ನಾಗಿ ನಿದ್ದೆ ಬರುತ್ತದೆ, "ಇನ್ನೇಕೆ ಮಾತ್ರೆ" ಅನ್ನಿಸುತ್ತದೆ. ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಗುಣವಾದ ಮೇಲೂ ಸುಮಾರು ಆರರಿಂದ ಒಂಬತ್ತು ತಿಂಗಳು ಮುಂದುವರಿಸಲು ಹೇಳುತ್ತಾರೆ. ಬೇಗ ಬಿಟ್ಟರೆ ಮರುಕಳಿಸುವ ಸಾಧ್ಯತೆ ಜಾಸ್ತಿ.

ಹಂತ 7: ಮಾತಿನ ಚಿಕಿತ್ಸೆ

ಹೆಚ್ಚು ಬಳಕೆಯಲ್ಲಿರುವುದು ಸಿಬಿಟಿ. ಯೋಚನೆ, ಮೈಯ ಅನುಭವ, ನಡವಳಿಕೆ ಒಂದನ್ನೊಂದು ಹೇಗೆ ಏರಿಸುತ್ತವೆ ಅಂತ ಗುರುತಿಸಿ ಆ ಕೊಂಡಿ ಬಿಡಿಸುವ ತರಬೇತಿ. ಎದೆ ಡವಡವ ಅಂದಾಗ "ಹಾರ್ಟ್ ಅಟ್ಯಾಕ್" ಅನ್ನುವ ಯೋಚನೆ ಬರುತ್ತದೆ, ಅದರಿಂದ ಡವಡವ ಇನ್ನೂ ಏರುತ್ತದೆ, ಆಮೇಲೆ ನೀವು ಬಸ್ ಹತ್ತುವುದನ್ನೇ ಬಿಡುತ್ತೀರಿ. ಚಿಕಿತ್ಸಕರು ನಿಮ್ಮಿಂದ ಮತ್ತೆ ಬಸ್ ಹತ್ತಿಸುತ್ತಾರೆ, ಮೊದಲು ಒಂದು ಸ್ಟಾಪ್, ಆಮೇಲೆ ಎರಡು. ಸಾಮಾನ್ಯವಾಗಿ ವಾರಕ್ಕೊಂದರಂತೆ ಹತ್ತು ಹದಿನೈದು ಸೆಷನ್. ಮನೆಯಲ್ಲಿ ಮಾಡಿಕೊಂಡು ಬರಲು ಅಭ್ಯಾಸವನ್ನೂ ಕೊಡುತ್ತಾರೆ. ಮಾಡದಿದ್ದರೆ ಪ್ರಯೋಜನ ಕಡಿಮೆ.

ಸುಮ್ನೆ ಉಪದೇಶ ಮಾಡುವವರು, ತಮ್ಮ ಕತೆಯೇ ಹೇಳುವವರು ಸಿಕ್ಕರೆ ಬೇರೆಯವರನ್ನು ನೋಡಿ. ಕನ್ನಡದಲ್ಲೇ ಬೇಕು ಅಂತ ಕೇಳಿ. ಸಂಕಟವನ್ನು ಇಂಗ್ಲಿಷಿನಲ್ಲಿ ಹೇಳಿಕೊಳ್ಳುವುದು ಎಲ್ಲರಿಗೂ ಆಗುವುದಿಲ್ಲ.

ಹಂತ 8: ಮನೆಯಲ್ಲಿ

ದಿನಕ್ಕೆ ಅರ್ಧ ಗಂಟೆ ಬಿರುಸಾದ ನಡಿಗೆ. ರಾತ್ರಿ ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು. ಮಧ್ಯಾಹ್ನದ ಮೇಲೆ ಕಾಫಿ, ಟೀ ಬೇಡ. ಗಾಬರಿ ಬಂದಾಗ ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡಿ, ಐದು ನಿಮಿಷ. ನಿದ್ದೆಗೆ ಅಂತ ಒಂದು ಪೆಗ್ ಹಾಕುವ ಅಭ್ಯಾಸ ಇದ್ದರೆ ಅದೇ ನಡುರಾತ್ರಿ ಎಬ್ಬಿಸುತ್ತಿರಬಹುದು. ಯೋಗ, ಪ್ರಾಣಾಯಾಮ ಮಾಡಿ, ಆದರೆ ಮಾತ್ರೆಯ ಬದಲಿಗೆ ಅಲ್ಲ, ಮಾತ್ರೆಯ ಜೊತೆಗೆ.

ಮನೆಯವರಿಗೆ: "ಮನಸ್ಸಿಗೆ ಹಚ್ಕೋಬೇಡ", "ನಮಗೇನು ಕಷ್ಟ ಇಲ್ವಾ" ಅನ್ನಬೇಡಿ. "ಬಾ, ಒಂದು ರೌಂಡ್ ನಡೆದು ಬರೋಣ" ಅನ್ನಿ. ಮಂಗಳವಾರ ಆಸ್ಪತ್ರೆಗೆ ಜೊತೆಗೆ ಹೋಗಿ ಬನ್ನಿ.

ಹಂತ 9: ಖರ್ಚು ಮತ್ತು ವಿಮೆ

ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚು ಕಡಿಮೆ. ಖಾಸಗಿಯಲ್ಲಿ ಮೊದಲೇ ಫೀಸ್ ಕೇಳಿ, ಎಷ್ಟು ಸೆಷನ್ ಬೇಕಾಗಬಹುದು ಅಂತಲೂ ಕೇಳಿ. ಮೈ ಕಾಯಿಲೆಗೆ ವಿಮೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ಕೊಡಬೇಕು ಅಂತ ಅದೇ 2017ರ ಕಾಯ್ದೆ ಹೇಳುತ್ತದೆ. ಆದರೆ ಹೆಚ್ಚಿನ ಪಾಲಿಸಿಗಳು ದಾಖಲಾದಾಗಿನ ಖರ್ಚು ಮಾತ್ರ ಕೊಡುತ್ತವೆ, ಒಪಿಡಿ ಫೀಸ್ ಮತ್ತು ಮಾತಿನ ಚಿಕಿತ್ಸೆ ಅದರಲ್ಲಿ ಬರುವುದಿಲ್ಲ. ಪಾಲಿಸಿಯಲ್ಲಿ ಕಾಯುವ ಅವಧಿ ಎಷ್ಟು, ಅಂದರೆ ಮಾಡಿಸಿದ ಎಷ್ಟು ದಿನದ ಮೇಲೆ ಕ್ಲೇಮ್ ಸಿಗುತ್ತದೆ ಅಂತ ಓದಿ. ಪಾಲಿಸಿ ಮಾಡಿಸುವಾಗ ಈಗಾಗಲೇ ಇರುವ ತೊಂದರೆ ಬಚ್ಚಿಡಬೇಡಿ, ಆಮೇಲೆ ಕ್ಲೇಮ್ ತಿರಸ್ಕರಿಸಲು ಅದೇ ನೆಪವಾಗುತ್ತದೆ. "ಮಾನಸಿಕ ಕಾಯಿಲೆಗೆ ಕೊಡೋದಿಲ್ಲ" ಅಂತ ಬಾಯಿಮಾತಲ್ಲಿ ಹೇಳಿದರೆ ಬರೆದು ಕೊಡಿ ಅನ್ನಿ. ಆ ಪತ್ರ ಇಟ್ಟುಕೊಂಡು ಮೊದಲು ಕಂಪನಿಯ ದೂರು ವಿಭಾಗಕ್ಕೆ, ಅಲ್ಲೂ ಆಗದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿಯಾದ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಫೀಸ್ ಇಲ್ಲ, ವಕೀಲರೂ ಬೇಕಾಗಿಲ್ಲ.